ಡೇಲಿಲಿ ಸತ್ತಿದ್ಯಾ, ಮಲಗಿದ್ಯಾ? ಪೈಪ್ ಹಿಡಿಯೋ ಮೊದಲು ನೋಡಬೇಕಾದ್ದು

ಜುಲೈ ಕೊನೆ ಬಂತೆಂದರೆ ಅಮೆರಿಕದ ಟೆಕ್ಸಾಸ್‌ನಲ್ಲಿರೋ ನಮ್ಮ ಡಲ್ಲಾಸ್ ಕಡೆಯ ಕನ್ನಡದವರು ನನಗೆ ಕಳಿಸುವ ಫೋಟೋ ಹೆಚ್ಚುಕಡಿಮೆ ಒಂದೇ. ಮೇ ತಿಂಗಳಲ್ಲಿ ಮೈತುಂಬಾ ಹೂ ಬಿಟ್ಟಿದ್ದ ಡೇಲಿಲಿ ಒಣಹುಲ್ಲಿನ ಕಂತೆಯ ಹಾಗೆ ಬಿದ್ದಿರುತ್ತದೆ, ಪಕ್ಕದಲ್ಲೇ ನೀರಿನ ಪೈಪ್. "ದಿನಾ ಎರಡು ಹೊತ್ತು ನೀರು ಹಾಕ್ತಾ ಇದೀನಿ, ಆದ್ರೂ ಯಾಕೆ ಸಾಯ್ತಾ ಇದೆ?" ದಿನಾ ಎರಡು ಹೊತ್ತು ಹಾಕ್ತಿರೋದಕ್ಕೇ ಇರಬಹುದು. ಮೊದಲು ಪೈಪ್ ಕೆಳಗಿಡಿ.

ಈ ಗಿಡದ ಬೇರು ನೋಡಿದ್ದೀರಾ? ಶತಾವರಿ ಬೇರಿನ ಥರ ಅಲ್ಲಲ್ಲಿ ಉಬ್ಬಿರುತ್ತದೆ. ನೀರು, ಆಹಾರ ಎಲ್ಲ ಅಲ್ಲೇ ಕೂಡಿಟ್ಟುಕೊಂಡಿರುತ್ತದೆ. ಬಿಸಿಲು 38 ಡಿಗ್ರಿ ಸೆಲ್ಸಿಯಸ್ (ಇಲ್ಲಿಯ ಲೆಕ್ಕದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್) ದಾಟಿ ವಾರಗಟ್ಟಲೆ ಹಾಗೇ ಉಳಿದರೆ ಹೊರಗಿನ ಎಲೆಗಳನ್ನು ಒಣಗಲು ಬಿಟ್ಟು ಸುಮ್ಮನೆ ಮಲಗಿಬಿಡುತ್ತದೆ. 2011ರ ಬೇಸಿಗೆಯಲ್ಲಿ ಇಲ್ಲಿ 71 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ನೆಲದ ಮೇಲೆ ಏನೂ ಕಾಣದೆ ಹೋದ ಗಿಡಗಳೂ ಮಳೆ ಬಿದ್ದ ಮೇಲೆ ಚಿಗುರಿದವು. ಹಾಗಾಗಿ ಒಣಗಿದ ಎಲೆ ನೋಡಿ ಗಾಬರಿ ಬೀಳಬೇಡಿ, ನಡುವಿನ ಎಲೆ ನೋಡಿ.

ಗುಂಪಿನ ಮಧ್ಯದ ಎಳೆ ಎಲೆಯನ್ನು ಬುಡದ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡಿದ್ದರೆ ಗಿಡ ಬದುಕಿದೆ, ಮಲಗಿದೆ ಅಷ್ಟೇ. ಸುಲಭವಾಗಿ ಕೈಗೆ ಬಂದರೆ ತುದಿ ಮೂಸಿ ನೋಡಿ. ನಾನು ಇದನ್ನು ಕಲಿತದ್ದು ನನ್ನದೇ ಸ್ಟೆಲ್ಲಾ ಡಿ ಓರೊ ಅನ್ನೋ ತಳಿಯ ಡೇಲಿಲಿ ಗಿಡವನ್ನು ಹಾಳು ಮಾಡಿಕೊಂಡು. ಎಲೆ ಬಾಡಿತು ಅಂತ ನೀರು, ಇನ್ನೂ ಬಾಡಿತು ಅಂತ ಇನ್ನಷ್ಟು ನೀರು. ಒಂದು ಬೆಳಗ್ಗೆ ಎಳೆದರೆ ಇಡೀ ಸುಳಿ ಸದ್ದಿಲ್ಲದೆ ಕೈಗೆ ಬಂತು. ಕೆಳತುದಿ ಕಂದು ಬಣ್ಣ, ಲೋಳೆ ಲೋಳೆ, ಕೊಳೆತ ಆಲೂಗಡ್ಡೆ ನಾತ. ಅಗೆದು ನೋಡಿದೆ. ಎಲೆಯೂ ಬೇರೂ ಸೇರುವ ಗಂಟು ಗಟ್ಟಿಯಾಗಿ ಬೆಳ್ಳಗಿರಬೇಕು. ನನ್ನ ಗಿಡದ್ದು ಅರ್ಧ ಹಾಗಿತ್ತು, ಇನ್ನರ್ಧ ಬೆರಳೊತ್ತಿದರೆ ಗಂಜಿ. ಕೊಳೆತದ್ದನ್ನೆಲ್ಲ ಕತ್ತರಿಸಿ, ಉಳಿದದ್ದನ್ನು ತೊಳೆದು, ಎರಡು ದಿನ ನೆರಳಲ್ಲಿ ಆರಲು ಬಿಟ್ಟು, ನೀರು ಬೇಗ ಬಸಿಯುವ ಮಣ್ಣು ತುಂಬಿದ ಕುಂಡಕ್ಕೆ ಹಾಕಿ ನೆರಳಲ್ಲಿಟ್ಟೆ. ಎರಡು ಸುಳಿ ಉಳಿಯಿತು. ಕಾದ ಮಣ್ಣು, ಅದರಲ್ಲಿ ನಿಂತ ನೀರು, ಎರಡೂ ಸೇರಿದರೆ ಗಿಡ ಕೊಳೆಯೋದು ಗ್ಯಾರಂಟಿ.

ಇಲ್ಲಿಯ ಮಣ್ಣೂ ಹಾಗೇ ಇದೆ ಅನ್ನಿ. ಗದಗ, ಧಾರವಾಡ ಕಡೆಯವರಿಗೆ ಹೇಳುವುದೇ ಬೇಡ, ಡಲ್ಲಾಸ್ ಸುತ್ತಲಿನದು ನಿಮ್ಮ ಎರೆ ಹೊಲದ ಜಾತಿಯದೇ ಕಪ್ಪು ಜೇಡಿ: ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು. ಹತ್ತು ನಿಮಿಷದ ಸ್ಪ್ರಿಂಕ್ಲರ್ ನೀರು ಮೇಲ್ಮೈ ಒದ್ದೆ ಮಾಡಿ ರಸ್ತೆಗೆ ಹರಿದು ಹೋಗುತ್ತದೆ, ಕೆಳಗೆ ಮಾತ್ರ ಧೂಳು. ಉದ್ದನೆ ಸ್ಕ್ರೂಡ್ರೈವರ್ ತಗೊಂಡು ಗಿಡದಿಂದ ಗೇಣು ದೂರದಲ್ಲಿ ಚುಚ್ಚಿ. ಆರು ಇಂಚು ಸರಾಗವಾಗಿ ಇಳಿದು, ತುದಿಗೆ ಹಸಿ ಮಣ್ಣು ಅಂಟಿ ಬಂದರೆ ನೀರು ಬೇಡ. ಎರಡು ಇಂಚಿಗೇ ನಿಂತರೆ ಗಿಡಕ್ಕೆ ನಿಜವಾಗಿ ಬಾಯಾರಿದೆ. ಓಕ್ ಮರದ ಹತ್ತಿರ ನೆಟ್ಟಿದ್ದರೆ ನೀವು ಹಾಕಿದ ನೀರನ್ನು ಮರವೇ ಕುಡಿಯುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಬಾಯಾರಿಕೆಯೇ ಆಗಿದ್ದರೆ ವಾರಕ್ಕೆ ಒಂದೆರಡು ಸಲ, ಬೆಳ್ಳಂಬೆಳಗ್ಗೆ, ಪೈಪನ್ನು ಸಣ್ಣಗೆ ಬಿಟ್ಟು ಬುಡದ ಸುತ್ತ ಆಳಕ್ಕೆ ಇಳಿಯುವಂತೆ ಹಾಕಿ. ಹೇಗೂ ಡಲ್ಲಾಸ್ ಊರೊಳಗೆ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಮೇಲೆ ಎರಡು ಮೂರು ಇಂಚು ಮರದ ತೊಗಟೆಯೋ ಒಣ ಎಲೆಯೋ ಹೊದಿಸಿ, ಆದರೆ ಗಂಟನ್ನು ಮುಚ್ಚಬೇಡಿ.

ಮಣ್ಣು ಸರಿಯಿದೆ, ಸುಳಿಯೂ ಗಟ್ಟಿ, ಆದರೂ ಎಲೆ ಬಿಳಿಚಿಕೊಂಡು ಸಣ್ಣ ಚುಕ್ಕೆ ಬಿದ್ದಿದೆ ಅಂದರೆ ನುಸಿ ಇರಬೇಕು. ಒಣ ಬಿಸಿಲು ಅಂದ್ರೆ ಅದಕ್ಕೆ ಹಬ್ಬ. ಎಲೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಪುಡಿ ಓಡಾಡಲು ಶುರು ಮಾಡಿದರೆ ಅದೇ! ಎಲೆಯ ಅಡಿಭಾಗಕ್ಕೆ ಬೆಳಗಿನ ಹೊತ್ತು ಜೋರಾಗಿ ನೀರು ಹೊಡೆಯಿರಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ. ಸಿಕ್ಕಿದ ಕೀಟನಾಶಕ ಸಿಂಪಡಿಸಿದರೆ ನುಸಿ ತಿನ್ನುವ ಹುಳುಗಳೇ ಮೊದಲು ಸಾಯುತ್ತವೆ.

ಎಲೆಯನ್ನು ಟಿಶ್ಯೂನಿಂದ ಒರೆಸಿದಾಗ ಕಿತ್ತಳೆ ಪುಡಿ ಬಂದರೆ ತುಕ್ಕು ರೋಗ. ಅಮೆರಿಕದಲ್ಲಿ ಇದು ಮೊದಲು ಕಂಡದ್ದು 2000ದಲ್ಲಿ. ಒದ್ದೆ ಎಲೆ ಬೇಕು ಅದಕ್ಕೆ, ಹಾಗಾಗಿ ಕಡು ಬಿಸಿಲಲ್ಲಿ ಕಡಿಮೆ. ಕಂಡರೆ ಎಲೆ ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ.

ಇನ್ನು ಗೊಬ್ಬರ. ದಯವಿಟ್ಟು ಬೇಡ! ಮಲಗಿದ ಗಿಡವನ್ನು ಎಬ್ಬಿಸಿ ಬಲವಂತವಾಗಿ ತಿನ್ನಿಸಿದ ಹಾಗೆ. ಕಿತ್ತು ಬೇರ್ಪಡಿಸುವುದು, ಜಾಗ ಬದಲಿಸುವುದು ಎಲ್ಲ ಅಕ್ಟೋಬರ್‌ಗೆ ಇರಲಿ. ಒಣಗಿದ ಹೂದಂಡು ಕತ್ತರಿಸಿ, ಹಸಿರಿರುವ ಎಲೆ ಹಾಗೇ ಬಿಡಿ. ಮಳೆ ಬಂದು, ತಂಪಾಗಿ, ಎರಡು ಮೂರು ವಾರ ಕಳೆದರೂ ಹಸಿರು ಮೊನೆ ಕಾಣದಿದ್ದರೆ ಒಂದು ಬದಿ ಅಗೆದು ಬೇರು ಹಿಸುಕಿ ನೋಡಿ. ಟೊಳ್ಳಾಗಿ, ಚಪ್ಪಟೆಯಾಗಿ, ಒಣ ಸಿಪ್ಪೆಯಂತಿದ್ದರೆ ಕಿತ್ತು ಹಾಕಿ. ತುಂಬಿಕೊಂಡಿದ್ದರೆ ಮಣ್ಣು ಮುಚ್ಚಿ ಬನ್ನಿ.