ಮಗ್ಗದ ಮೇಲೆ ಎರಡು ಟ್ಯೂಬ್, ಬಟನ್ ಒಂದೇ

ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪನ ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ, ಪಡಸಾಲೆಯ ಮೂಲೆಯಲ್ಲಿದೆ. ಅದರ ಹಿಂದೆ ಒಂದೇ ಒಂದು ಬಲ್ಬ್ ತೂಗಾಡುತ್ತಿತ್ತು. ಅಪ್ಪ ಕೂತರೆ ಅವನ ನೆರಳೇ ಸೀರೆಯ ಮೇಲೆ ಬೀಳುತ್ತಿತ್ತು. ಕಪ್ಪು, ಕಡುನೀಲಿ ನೂಲು ಹಾಕಿದ ದಿನ ಕಡಿದ ಎಳೆ ಕಾಣುತ್ತಲೇ ಇರಲಿಲ್ಲ. ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ವೈರ್‌ಮನ್ ಪರ್ಮಿಟ್ ಇದೆ. ಈ ಬೇಸಿಗೆಯಲ್ಲಿ ಆ ಬಲ್ಬ್ ತೆಗೆದು, ಅದೇ ಬಟನ್ನಿಗೆ ಎರಡು ಎಲ್‌ಇಡಿ ಟ್ಯೂಬ್ ಕೊಟ್ಟೆ. ಮಗ್ಗದ ಎಡಕ್ಕೊಂದು, ಬಲಕ್ಕೊಂದು.

ಬಲ್ಬ್, ಫ್ಯೂಸ್, ಕೆಟ್ಟುಹೋದ ಬಟನ್ ನೀವೇ ಬದಲಿಸಬಹುದು. ಹೊಸ ಪಾಯಿಂಟ್ ಎಳೆಯುವುದು ಲೈಸೆನ್ಸ್ ಇದ್ದವರ ಕೆಲಸ, ನಿಯಮವೂ ಅದೇ. ಆದರೂ ಪೂರ್ತಿ ಓದಿ. ಏಣಿ ಹತ್ತಿದವನು ಏನು ಮಾಡುತ್ತಿದ್ದಾನೆ ಅಂತ ಕೆಳಗೆ ನಿಂತ ಮನೆಯವರಿಗೆ ಗೊತ್ತಿರಬೇಕು.

ಲೋಡಿನ ಚಿಂತೆ ಜಾಸ್ತಿ ಬೇಡ. 20 ವ್ಯಾಟಿನ ಎರಡು ಟ್ಯೂಬ್ ಅಂದರೆ 40 ವ್ಯಾಟ್. 230 ವೋಲ್ಟಿಗೆ ಸುಮಾರು 0.17 ಆಂಪಿಯರ್ ಅಷ್ಟೇ, ಬಟನ್ ತಡೆಯುವುದು 6 ಆಂಪಿಯರ್. ಲೈಟಿನ ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮಿತಿ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟರೊಳಗಿದ್ದರೆ ಸಾಕು.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ. ಕೆಲಸ ಶುರು ಮಾಡುವ ಹಿಂದಿನ ದಿನ ಅಪ್ಪ ಅಂದ, "ತಮ್ಮಾ, ಬಟನ್ ಬಂದ್ ಮಾಡಿ ಬಲ್ಬ್ ಬಿಚ್ಚಿದ್ರೂ ಇದು ಜುಮ್ ಅಂತದ ನೋಡು." ಎಷ್ಟು ವರ್ಷದಿಂದ ಅಂತ ಕೇಳಿದೆ. ಮೊದಲಿಂದಲೂ ಹಾಗೇ ಅಂತೆ. ಕೇಳಿ ನನ್ನ ಎದೆ ಧಸಕ್ಕೆಂದಿತು.

ಬಟನ್ ಆಫ್ ಮಾಡಿದೆ. ಒಣ ಮರದ ಸ್ಟೂಲ್ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತು ಸೀಲಿಂಗ್ ರೋಸಿನ, ಅಂದರೆ ಬಲ್ಬಿನ ವೈರ್ ಮೇಲೆ ಸೇರುವ ದುಂಡು ಡಬ್ಬಿಯ, ಮುಚ್ಚಳ ತಿರುವಿದೆ. ಟೆಸ್ಟರನ್ನು ಮೊದಲು ನಡೆಯುವ ಸಾಕೆಟ್ಟಿಗೆ ಹಚ್ಚಿ ಸರಿ ಇದೆ ಅಂತ ನೋಡಿಕೊಂಡಿದ್ದೆ. ರೋಸಿನ ಒಂದು ಸ್ಕ್ರೂಗೆ ಹಚ್ಚಿದೆ, ಕೆಂಪಗೆ ಹತ್ತಿತು. ಇನ್ನೊಂದಕ್ಕೆ ಹಚ್ಚಿದೆ, ಅಲ್ಲೂ ಹತ್ತಿತು. ಬಲ್ಬ್ ಆರಿದೆ, ಎರಡೂ ಕಡೆ ಕರೆಂಟ್ ಇದೆ! ಅಂದರೆ ಬಟನ್ ಕಡಿಯುತ್ತಿದ್ದದ್ದು ಫೇಸ್ (ಕರೆಂಟ್ ತರುವ ವೈರ್) ಅಲ್ಲ, ನ್ಯೂಟ್ರಲ್ (ವಾಪಸ್ ಒಯ್ಯುವ ವೈರ್). ಫೇಸ್ ನೇರವಾಗಿ ಹೋಲ್ಡರಿನಲ್ಲಿ ಕೂತು, ಬಲ್ಬಿನ ಮೂಲಕ ಆ ಬದಿಗೂ ಬಂದು ನಿಂತಿತ್ತು. ಬಟನ್ ಆಫ್ ಇದ್ದಾಗ ರೋಸಿನ ಎರಡೂ ಸ್ಕ್ರೂಗಳಲ್ಲಿ ಟೆಸ್ಟರ್ ಹತ್ತಬಾರದು. ಈ ಒಂದು ಪರೀಕ್ಷೆ ನಿಮ್ಮ ಕಣ್ಣೆದುರೇ ಮಾಡಿಸಿ. ವೈರಿನ ಬಣ್ಣ ನಂಬಬೇಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಅನ್ನುವುದು ಪದ್ಧತಿ, ಆದರೆ ಹಳೇ ಮನೆಗಳಲ್ಲಿ ಸಿಕ್ಕ ಬಣ್ಣ ಎಳೆದಿರುತ್ತಾರೆ.

ಸರಿಪಡಿಸುವ ಮೊದಲು ಮೇನ್ ಆಫ್ ಮಾಡಿದೆ. ಆದರೆ ನಮ್ಮಲ್ಲಿ ಮಗ್ಗದ ಲೈಟ್ ಇನ್ವರ್ಟರ್ ಮೇಲಿದೆ. ಮೇನ್ ಆಫ್ ಆದ ಕೂಡಲೇ ಇನ್ವರ್ಟರ್ ಎದ್ದು ಅದೇ ವೈರಿಗೆ ಮತ್ತೆ 230 ವೋಲ್ಟ್ ಕೊಡುತ್ತದೆ. ಬರೀ ಇನ್ವರ್ಟರ್ ಬಂದ್ ಮಾಡಿದರೂ ಆಗದು, ಅದರ ಮೂಲಕ ಮೇನ್ ಕರೆಂಟ್ ಹಾದು ಬರಬಹುದು. ಎರಡನ್ನೂ ಬಂದ್ ಮಾಡಬೇಕು. ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡೆ. ಮನೆಯಲ್ಲಿ ಮಕ್ಕಳಿದ್ದಾರೆ, ಯಾರಾದರೂ ಸುಮ್ನೆ ಹೋಗಿ ಹಾಕಿಬಿಡುತ್ತಾರೆ.

ಬೋರ್ಡ್ ಬಿಚ್ಚಿದರೆ, ಯಾವುದೋ ಹಳೆಯ ದುರಸ್ತಿಯಲ್ಲಿ ಒಳಬರುವ ಎರಡು ವೈರ್ ಅದಲುಬದಲಾಗಿದ್ದವು. ಫೇಸ್ ಬಟನ್ನಿಗೆ, ನ್ಯೂಟ್ರಲ್ ನೇರ ಲೈಟಿಗೆ ಹೋಗುವಂತೆ ಕಟ್ಟಿದೆ. ಅದೇ ಬೋರ್ಡಿನಲ್ಲಿ ಸಾಕೆಟ್ ಇದ್ದರೆ ಅದನ್ನೂ ನೋಡಬೇಕು. ಎದುರು ನಿಂತಾಗ ಮೇಲಿನ ದಪ್ಪ ತೂತು ಅರ್ಥಿಂಗ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್.

ಇನ್ನು ಟ್ಯೂಬ್ ಜೋಡಿಸುವುದು. ರೋಸಿನಲ್ಲಿ ಬಟನ್ನಿಂದ ಬಂದ ಫೇಸ್ ಒಂದು, ನ್ಯೂಟ್ರಲ್ ಒಂದು. ಎರಡು ಟ್ಯೂಬಿನ ಫೇಸ್ ವೈರೂ ಅದೇ ಫೇಸಿಗೆ, ಎರಡರ ನ್ಯೂಟ್ರಲ್ಲೂ ಅದೇ ನ್ಯೂಟ್ರಲ್ಲಿಗೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಎರಡಕ್ಕೂ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ, ಮಿಣುಕುತ್ತವೆ ಅಥವಾ ಹತ್ತುವುದೇ ಇಲ್ಲ. ಹತ್ತಿರ ಸಿಕ್ಕಿತು ಅಂತ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ತರಬೇಡಿ. ಹಾಗೆ ಮಾಡಿದ ಮನೆಗಳಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತದೆ. ಟ್ಯೂಬಿನ ಮೈ ಲೋಹದ್ದಾಗಿದ್ದು ಅರ್ಥಿಂಗ್ ಸ್ಕ್ರೂ ಇದ್ದರೆ ಹಸಿರು ವೈರ್ ಬಿಡಲೇಬೇಡಿ.

ನಾನು 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಬಳಸಿದೆ, ಗೋಡೆಯ ಮೇಲೆ ಪಿವಿಸಿ ಪಟ್ಟಿಯಲ್ಲಿ ಎಳೆದೆ. ಜೋಡು ಬಂದ ಕಡೆಯೆಲ್ಲ ಕನೆಕ್ಟರ್ ಹಾಕಿ, ಮುಚ್ಚಳವಿರುವ ಬಾಕ್ಸಿನೊಳಗೆ ಕೂರಿಸಿದೆ. ತಿರುವಿ ಟೇಪ್ ಸುತ್ತಿ ಬಿಡುವ ರೂಢಿ ನನಗೆ ಸರಿ ಕಾಣುವುದಿಲ್ಲ. ಮಗ್ಗದ ಮನೆಯಲ್ಲಂತೂ ಬೇಡವೇ ಬೇಡ. ನೂಲಿನ ಧೂಳು ತೊಲೆ, ಪಟ್ಟಿ, ಹೋಲ್ಡರ್ ಎಲ್ಲದರ ಮೇಲೂ ಬೆಳ್ಳಗೆ ಕೂತಿರುತ್ತದೆ. ಸಡಿಲ ಜೋಡಿನಿಂದ ಒಂದು ಕಿಡಿ ಹಾರಿದರೆ ಸಾಕಲ್ವಾ? ವೈರಿನ ತುದಿಯನ್ನು ಕನೆಕ್ಟರಿಗೆ ಬೇಕಾದಷ್ಟೇ ಸುಲಿಯಿರಿ, ಹೊರಗೆ ತಾಮ್ರ ಕಾಣಬಾರದು. ಸ್ಕ್ರೂ ಬಿಗಿದ ಮೇಲೆ ಪ್ರತಿಯೊಂದನ್ನೂ ಎಳೆದು ನೋಡಿ. ನನ್ನದರಲ್ಲೇ ಒಂದು ಎಳೆದಾಗ ಕೈಗೆ ಬಂತು, ಮತ್ತೆ ಕಟ್ಟಿದೆ.

ಎಲ್ಲ ಮುಚ್ಚಿ, ಫ್ಯೂಸ್ ಹಾಕಿ, ಬಟನ್ ಒತ್ತಿದೆ. ಎರಡೂ ಹತ್ತಿದವು. ಬಟನ್ ಆಫ್ ಮಾಡಿ, ಟ್ಯೂಬಿಗೆ ವೈರ್ ಸೇರುವಲ್ಲಿ ಮತ್ತೆ ಟೆಸ್ಟರ್ ಹಚ್ಚಿದೆ. ಎಲ್ಲೂ ಹತ್ತಲಿಲ್ಲ. ನಿಮ್ಮಲ್ಲಿ ಆಫ್ ಮಾಡಿದ ಮೇಲೂ ಎಲ್‌ಇಡಿ ರಾತ್ರಿ ಮಂದವಾಗಿ ಉರಿಯುತ್ತಿದ್ದರೆ ಎರಡು ಕಡೆ ನೋಡಿ: ಬಟನ್ ನ್ಯೂಟ್ರಲ್ ಮೇಲಿರಬಹುದು, ಇಲ್ಲವೇ ಬಟನ್ನಿನಲ್ಲೇ ಪುಟ್ಟ ಇಂಡಿಕೇಟರ್ ದೀಪ ಇರಬಹುದು.

ಒಂದು ತಾಸು ಉರಿಸಿ, ಬಾಕ್ಸಿನ ಮುಚ್ಚಳ ಹೊರಗಿನಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ಬಿಸಿ ತಾಗಿದರೆ ಒಳಗೆ ಜೋಡು ಸಡಿಲ ಅಂತಲೇ ತಿಳಿಯಿರಿ, ಮೇನ್ ಮತ್ತು ಇನ್ವರ್ಟರ್ ಬಂದ್ ಮಾಡಿ ಮತ್ತೆ ಬಿಚ್ಚಿಸಿ. ನಾನು ಕೆಳಗಿಳಿಯುವ ಹೊತ್ತಿಗೆ ಅಪ್ಪ ಕುಣಿಗೆ ಇಳಿದು ಕೂತಿದ್ದ. ಕಪ್ಪು ಹಾಸಿನ ಮೇಲೆ ಬಾಗಿ, ಕಡಿದ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಗಂಟು ಹಾಕುತ್ತಿದ್ದ.