ಬಳಪದ ಕಲ್ಲಲ್ಲಿ ಚಕ್ರವರ್ತಿಯ ಮುದ್ರೆ

ಬೇಸಿಗೆ ರಜೆ ಬಂದರೆ ಬೇಲೂರಿನ ನಮ್ಮ ಜಗಲಿ ತುಂಬಾ ಮಕ್ಕಳು. ಹೋದ ಸಲ ಚೀನಾ ಅರಮನೆಯ ಮುದ್ರೆಗಳ ಫೋಟೋ ತೋರಿಸಿದೆ. "ನಾವೂ ಮಾಡೋಣ ಮೇಷ್ಟ್ರೇ" ಅಂತ ಗಂಟುಬಿದ್ದರು.

ಬೀಜಿಂಗ್ ಅರಮನೆಯ ಒಳಭಾಗದಲ್ಲಿ ಜಿಯಾವೊತಾಯ್ ಎಂಬ ಚೌಕನೆಯ ಹಜಾರವಿದೆ. ಅದರ ಮುಂದಿನದು ಆಕಾಶದ ಹೆಸರಿನ ಅರಮನೆ, ಹಿಂದಿನದು ಭೂಮಿಯ ಹೆಸರಿನದು. ಎರಡೂ ಕೂಡುವ ಜಾಗ ಇದು. ಚಿಯೆನ್‌ಲಾಂಗ್ ಚಕ್ರವರ್ತಿ 1746ರಲ್ಲಿ 25 ಮುದ್ರೆ ಆರಿಸಿದ. ಅವನ್ನು ಇಡುತ್ತಿದ್ದದ್ದು ಇಲ್ಲೇ. ಹೆಚ್ಚಿನವು ಜೇಡ್ ಕಲ್ಲಿನವು. ಗಂಧದ ಮರದ್ದೂ ಒಂದಿದೆ, ನಮ್ಮ ಕಡೆಯವರಿಗೆ ಖುಷಿಯಾಗಲಿ ಅಂತ ಹೇಳಿದೆ.

ಜೇಡ್‌ಗೆ ಉಳಿ ಕೂರುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಕಲ್ಲಿನ ಪುಡಿ, ನೀರು ಹಾಕಿ ಉಜ್ಜಿ ಉಜ್ಜಿ ಸವೆಸಬೇಕು. ನಮ್ಮ ಬಳಪದ ಕಲ್ಲು ಹಾಗಲ್ಲ, ಮೊಳೆಯಲ್ಲೂ ಗೀರಬಹುದು. ಹೊಯ್ಸಳರ ಶಿಲ್ಪಿಗಳು ಅಷ್ಟು ಸಣ್ಣ ಕೆಲಸ ಮಾಡಿದ್ದು ಇದರಿಂದಲೇ ಅಲ್ವಾ? ಚೂರುಗಳನ್ನು ಕೆತ್ತನೆ ಮಾಡುವವರ ಹತ್ತಿರ ಕೇಳಿ ತನ್ನಿ. ಗುಡಿ ಸುತ್ತ ಬಿದ್ದಿದ್ದನ್ನು ಮಾತ್ರ ಮುಟ್ಟಬೇಡಿ.

ಎರಡು ಬೆರಳು ಅಗಲದ ತುಂಡು ಸಾಕು. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ನೀರು ಚಿಮುಕಿಸಿ, ಮುಖ ಸಮ ಆಗುವವರೆಗೆ ಉಜ್ಜಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಅಚ್ಚು ಅರ್ಧವೇ ಬೀಳುತ್ತದೆ.

ಕಲ್ಲಿನ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ತಲೆ ಕೆಡಿಸಿಕೊಳ್ಳಬೇಡಿ. ತೆಳು ಕಾಗದದಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ನೇರವಾಗಿಯೇ ಬರೆದು, ಕವುಚಿಟ್ಟು, ಚಮಚದ ಬೆನ್ನಿಂದ ತಿಕ್ಕಿ. ತಾನೇ ತಿರುಗಿ ಕೂರುತ್ತದೆ. ಚಕ್ರವರ್ತಿಯ ಹೆಚ್ಚಿನ ಮುದ್ರೆಗಳಲ್ಲಿ ಅವನ ವಂಶದವರ ಮಂಚು, ಚೀನೀ ಎರಡೂ ಲಿಪಿ ಇವೆ. ನಮಗೆ ಒಂದಕ್ಷರ ಸಾಕು. ಹೆಸರು 'ಕ್ಷ'ದಿಂದ ಶುರುವಾದರೆ ನಿಮ್ಮ ಹಣೆಬರಹ.

ಈಗ ಅಕ್ಷರ ಬಿಟ್ಟು ಸುತ್ತಲಿನದನ್ನು ಸಣ್ಣ ಉಳಿಯಿಂದ ತೆಗೆಯಿರಿ. ಸುತ್ತಿಗೆ ಬೇಡ, ಕೈಯಲ್ಲೇ ಒತ್ತಿ. ಅಂಚಿನಿಂದ ಹೊರಕ್ಕೆ ಒತ್ತಿದರೆ ಮೂಲೆ ಹಾರುತ್ತದೆ, ನನ್ನವೇ ಮೂರು ಹಾಳಾದವು. ಕಲ್ಲು ಒದ್ದೆಯಾಗಿರಲಿ, ಮೂಗಿಗೆ ಬಟ್ಟೆ ಕಟ್ಟಿ. ದೂಳು ಒಳ್ಳೆಯದಲ್ಲ.

ಚೀನಾದವರು ಮುದ್ರೆ ಒತ್ತುವ ಕೆಂಪು ಬಣ್ಣ ಹಿಂಗುಳ ಎಂಬ ಖನಿಜದ್ದು. ಅದರಲ್ಲಿ ಪಾದರಸ ಇದೆ, ಬೇಡ. ಕುಂಕುಮಕ್ಕೆ ಹರಳೆಣ್ಣೆ ಕಲಸಿ ನೋಡಿದೆ. ಅಕ್ಷರದ ಸುತ್ತ ಎಣ್ಣೆ ಹರಡಿ ಬೋಂಡಾ ಕಟ್ಟಿದ ಕಾಗದದಂತಾಯಿತು. ಸುಮ್ನೆ ಅಂಗಡಿಯ ಸ್ಟ್ಯಾಂಪ್ ಪ್ಯಾಡ್ ತನ್ನಿ.

ಅರಮನೆಯ ಮುದ್ರೆಗಳ ಹಿಡಿಯಲ್ಲಿ ಡ್ರ್ಯಾಗನ್. ನಮ್ಮ ಹುಡುಗನೊಬ್ಬ ಎಮ್ಮೆ ಮಾಡಲು ಹೋದ. ಕೊಂಬು ಎರಡೂ ಮುರಿದವು. "ಇದು ಕರು ಮೇಷ್ಟ್ರೇ" ಅಂದ.