ಬೋರ್ಡ್ ಮೇಲೆ ಹ್ಯಾಂಗ್ ಆದ ಥ್ರೆಡ್‌ಗಳನ್ನು ಜಿಡಿಬಿಸರ್ವರ್‌ನಲ್ಲಿ ಹಿಡಿಯುವ ಬಗೆ

ಆರ್ಮ್ ಲಿನಕ್ಸ್ ಬೋರ್ಡ್ ಮೇಲೆ ಓಡುತ್ತಿರುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ಹ್ಯಾಂಗ್ ಆದರೆ ದಯವಿಟ್ಟು ರೀಸ್ಟಾರ್ಟ್ ಮಾಡಬೇಡಿ. ಯಾವ ಲಾಕ್ (ಒಂದು ಡೇಟಾವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಕಾಯುವ ಬೀಗ) ಯಾವ ಥ್ರೆಡ್‌ನ (ಪ್ರೋಗ್ರಾಮ್‌ನೊಳಗೆ ಏಕಕಾಲಕ್ಕೆ ಓಡುವ ಎಳೆಗಳಲ್ಲಿ ಒಂದು) ಕೈಯಲ್ಲಿದೆ ಎಂಬುದೆಲ್ಲ ಆ ಪ್ರೋಸೆಸ್‌ನ ಮೆಮೊರಿಯಲ್ಲೇ ಇರುತ್ತದೆ. ಜಿಡಿಬಿಸರ್ವರ್ ಅನ್ನು (ಜಿಡಿಬಿ ಡೀಬಗರ್‌ನ ಬೋರ್ಡ್ ಕಡೆಯ ಭಾಗ) ಬೋರ್ಡ್ ಮೇಲೆ ಅಟ್ಯಾಚ್ ಆಯ್ಕೆಯೊಂದಿಗೆ, ಪ್ರೋಸೆಸ್ ಐಡಿ ಕೊಟ್ಟು ಶುರು ಮಾಡುತ್ತೇನೆ. ಪೋರ್ಟ್ 2345, ಅದೂ ಫೈರ್‌ವಾಲ್ ಹಾಕಿ ಲೋಕಲ್‌ಹೋಸ್ಟ್‌ಗೆ ಮಾತ್ರ; ಹೋಸ್ಟ್ ಹೆಸರು ಕೊಟ್ಟರೂ ಜಿಡಿಬಿಸರ್ವರ್ ಅದನ್ನು ಲೆಕ್ಕಿಸುವುದಿಲ್ಲ. ನನ್ನ ಯಂತ್ರದಿಂದ ಅಲ್ಲಿಗೆ ಎಸ್‌ಎಸ್‌ಎಚ್ ಟನಲ್ (ಲಾಗಿನ್ ಬೇಕಾದ ಸುರಕ್ಷಿತ ಸಂಪರ್ಕ). ಜಿಡಿಬಿಸರ್ವರ್ ಪಾಸ್‌ವರ್ಡ್ ಕೇಳುವುದಿಲ್ಲ, ಪೋರ್ಟ್ ಮುಟ್ಟಿದವರೆಲ್ಲ ಒಳಗೆ ಬರಬಹುದು.

ಅಟ್ಯಾಚ್ ಆದ ಕ್ಷಣ ಎಲ್ಲ ಥ್ರೆಡ್‌ಗಳೂ ನಿಲ್ಲುತ್ತವೆ, ವಾಚ್‌ಡಾಗ್‌ಗೆ (ಸಿಗ್ನಲ್ ನಿಂತರೆ ಬೋರ್ಡ್ ರೀಬೂಟ್ ಮಾಡುವ ಟೈಮರ್) ಸಿಗ್ನಲ್ ಕೊಡುವ ಥ್ರೆಡ್ ಕೂಡ. ವಾಚ್‌ಡಾಗ್ ಅನ್ನು ಮೊದಲೇ ನಿಲ್ಲಿಸದಿದ್ದರೆ ಬೋರ್ಡ್ ರೀಬೂಟ್ ಆಗಿ ಸಾಕ್ಷ್ಯವೆಲ್ಲ ಹೋಗುತ್ತದೆ.

ಈ ಕಡೆ ಜಿಡಿಬಿಗೆ ಕೊಡುವುದು ಸ್ಟ್ರಿಪ್ ಮಾಡದ, ಅಂದರೆ ಡೀಬಗ್ ಮಾಹಿತಿ ತೆಗೆಯದ ಬೈನರಿ. ಬೋರ್ಡ್ ಮೇಲಿನದರ ಬಿಲ್ಡ್ ಐಡಿಗೂ (ಆ ಬಿಲ್ಡ್‌ನ ಗುರುತು) ಇದರದಕ್ಕೂ ತಾಳೆ ಇರಲೇಬೇಕು, ಇಲ್ಲದಿದ್ದರೆ ಬ್ಯಾಕ್‌ಟ್ರೇಸ್ (ಥ್ರೆಡ್ ಯಾವ ಫಂಕ್ಷನ್‌ಗಳ ಮೂಲಕ ಇಲ್ಲಿಗೆ ಬಂದಿತೆಂಬ ಪಟ್ಟಿ) ನಂಬಿಕೆಗೆ ಬಾರದ ಹೆಸರುಗಳನ್ನು ತೋರಿಸುತ್ತದೆ. ಸಿಸ್‌ರೂಟ್ (ಜಿಡಿಬಿ ಲೈಬ್ರರಿಗಳನ್ನು ಹುಡುಕುವ ಫೋಲ್ಡರ್) ಅನ್ನು ಬೋರ್ಡ್‌ನ ಲೈಬ್ರರಿಗಳ ಕಾಪಿಗೆ ತಿರುಗಿಸಿ.

ಪೇಜಿನೇಷನ್ ಆಫ್ ಮಾಡಿ, ಲಾಗಿಂಗ್ ಆನ್ ಮಾಡಿ, ಕೊಡುವ ಮೊದಲ ಆಜ್ಞೆ 'ಥ್ರೆಡ್ ಅಪ್ಲೈ ಆಲ್ ಬಿಟಿ': ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್. ಸ್ಟೆಪ್ ಮಾಡುವ ಆಸೆ ಇಲ್ಲಿ ಬೇಡ. ಲಾಕ್‌ಗೆ ಕಾಯುತ್ತಿರುವ ಥ್ರೆಡ್‌ನ ತುದಿಯಲ್ಲಿ 'ಲಾಕ್ ವೇಟ್' ಎಂದು ಮುಗಿಯುವ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಫಂಕ್ಷನ್ ಕಾಣುತ್ತದೆ. ಆ ಥ್ರೆಡ್‌ಗೆ ಹೋಗಿ, 'ಅಪ್' ಎನ್ನುತ್ತ ನಮ್ಮ ಕೋಡ್‌ನ ಫ್ರೇಮ್‌ಗೆ ಬಂದು, ಮ್ಯೂಟೆಕ್ಸ್ (ಅದೇ ಆ ಲಾಕ್) ಪ್ರಿಂಟ್ ಮಾಡಿ. ಅದರ ಡೇಟಾ ಭಾಗದಲ್ಲಿ ಓನರ್ ಎಂಬ ಫೀಲ್ಡ್ ಇದೆ (ಎರಡು ಹೆಸರುಗಳ ಹಿಂದೆಯೂ ಎರಡೆರಡು ಅಂಡರ್‌ಸ್ಕೋರ್). ಅಲ್ಲಿರುವುದು ಲಾಕ್ ಹಿಡಿದಿರುವ ಥ್ರೆಡ್‌ಗೆ ಕರ್ನಲ್ ಕೊಟ್ಟ ನಂಬರ್. ಉದಾಹರಣೆಗೆ 4ನೇ ಥ್ರೆಡ್ ಕಾಯುತ್ತಿರುವ ಮ್ಯೂಟೆಕ್ಸ್‌ನ ಓನರ್ 1187 ಎಂದಿಟ್ಟುಕೊಳ್ಳಿ. 'ಇನ್ಫೋ ಥ್ರೆಡ್ಸ್' ಪಟ್ಟಿಯಲ್ಲಿ 1180.1187 ಎಂದಿರುವುದು 7ನೇ ಥ್ರೆಡ್. ಚುಕ್ಕೆಯ ಬಲಕ್ಕಿರುವುದೇ ಆ ನಂಬರ್. 7ನೇ ಥ್ರೆಡ್ ಕಾಯುತ್ತಿರುವ ಮ್ಯೂಟೆಕ್ಸ್‌ನ ಓನರ್ 1184, ಅಂದರೆ ನಮ್ಮ 4ನೇ ಥ್ರೆಡ್ಡೇ ಆಗಿದ್ದರೆ, ಡೆಡ್‌ಲಾಕ್‌ನ (ಒಂದಕ್ಕೊಂದು ಕಾಯುತ್ತ ಸಿಕ್ಕಿಬಿದ್ದ ಸ್ಥಿತಿ) ಎರಡೂ ತುದಿ ಲೈನ್ ನಂಬರ್ ಸಮೇತ ಕೈಗೆ ಸಿಕ್ಕವು.

ಓನರ್ ಕಾಯುತ್ತಿರುವ ಥ್ರೆಡ್ಡೇ ಆಗಿದ್ದರೆ, ತಾನೇ ಹಿಡಿದ ಲಾಕ್ ಅನ್ನು ಅದು ಮತ್ತೆ ಕೇಳುತ್ತಿದೆ. ಆ ನಂಬರ್ ಪಟ್ಟಿಯಲ್ಲೇ ಇಲ್ಲವಾದರೆ ಲಾಕ್ ಬಿಡದೆ ಥ್ರೆಡ್ ಮುಗಿದುಹೋಗಿದೆ. ಅನ್‌ಲಾಕ್‌ಗೆ ಮುಂಚೆಯೇ ರಿಟರ್ನ್ ಆಗುವ ಎರರ್ ದಾರಿಗಳನ್ನು ಹುಡುಕಿ.

ರೇಸ್ ಕಂಡಿಷನ್‌ಗೆ (ಥ್ರೆಡ್‌ಗಳು ಓಡುವ ಕ್ರಮದ ಮೇಲೆ ಫಲಿತಾಂಶ ಬದಲಾಗುವ ತಪ್ಪು) ಈ ವಿಧಾನ ಒಗ್ಗುವುದಿಲ್ಲ. ಬ್ರೇಕ್‌ಪಾಯಿಂಟ್ (ಪ್ರೋಗ್ರಾಮ್ ನಿಲ್ಲುವ ಗುರುತು) ಹಾಕಿದೊಡನೆ ಟೈಮಿಂಗ್ ಬದಲಾಗಿ ತಪ್ಪು ಮಾಯವಾಗಬಹುದು. ಕೆಡುತ್ತಿರುವ ವೇರಿಯೇಬಲ್ ಯಾವುದೆಂದು ಗೊತ್ತಿದ್ದರೆ ಅದರ ವಿಳಾಸದ ಮೇಲೆ ವಾಚ್‌ಪಾಯಿಂಟ್ (ಅಲ್ಲಿಗೆ ಬರೆದೊಡನೆ ನಿಲ್ಲಿಸುವ ಗುರುತು) ಇಡಿ, ಉತ್ತರದಲ್ಲಿ 'ಹಾರ್ಡ್‌ವೇರ್ ವಾಚ್‌ಪಾಯಿಂಟ್' ಎಂದೇ ಬಂದಿದೆಯೇ ನೋಡಿ. ಸಾಫ್ಟ್‌ವೇರ್ ವಾಚ್‌ಪಾಯಿಂಟ್ ಆದರೆ ಬೇರೆ ಥ್ರೆಡ್ ಬರೆದದ್ದು ತಪ್ಪಿಹೋಗಬಹುದು, ನಾವು ಹಿಡಿಯಬೇಕಾದದ್ದೇ ಆ ಬರಹ. ಹಾರ್ಡ್‌ವೇರ್‌ನವು ಬೆರಳೆಣಿಕೆಯಷ್ಟೇ.

ಸ್ಟೆಪ್ ಮಾಡಲೇಬೇಕಾದರೆ 'ಸೆಟ್ ಶೆಡ್ಯೂಲರ್-ಲಾಕಿಂಗ್ ಆನ್'. ಇಲ್ಲದಿದ್ದರೆ 'ನೆಕ್ಸ್ಟ್' ಒತ್ತಿದಾಗ ಉಳಿದ ಥ್ರೆಡ್‌ಗಳೂ ಓಡಿ, ಎಲ್ಲೋ ಬೇರೆ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿರುತ್ತೀರಿ. ಆನ್ ಇರುವಾಗ ಬೇರೆ ಥ್ರೆಡ್ ಹಿಡಿದ ಲಾಕ್ ಎದುರಾದರೆ 'ನೆಕ್ಸ್ಟ್' ಮರಳಿ ಬರುವುದೇ ಇಲ್ಲ. ಕಂಟ್ರೋಲ್-ಸಿ ಒತ್ತಿ, ಆಫ್ ಮಾಡಿ ಮುಂದುವರಿಯಿರಿ.

ಬಹಳ ಹೊತ್ತು ನಿಲ್ಲಿಸಿ ಮತ್ತೆ ಓಡಿಸಿದರೆ ಟೈಮ್‌ಔಟ್ ಇಟ್ಟು ಕಾಯುತ್ತಿದ್ದ ಥ್ರೆಡ್‌ಗಳೆಲ್ಲ ಒಟ್ಟಿಗೆ ಟೈಮ್‌ಔಟ್ ಆಗುತ್ತವೆ. ಆಗ ಲಾಗ್‌ನಲ್ಲಿ ಬರುವ ಎರರ್‌ಗಳು ನಾವೇ ತಂದಿಟ್ಟವು, ಅವುಗಳ ಬೆನ್ನು ಹತ್ತಬೇಡಿ. ಕೆಲಸ ಮುಗಿದ ಮೇಲೆ 'ಡಿಟ್ಯಾಚ್' ಕೊಟ್ಟು, ವಾಚ್‌ಡಾಗ್ ಮತ್ತೆ ಶುರು ಮಾಡಿ.